ಪರಿಚಯವೇ ಇಲ್ಲದವರು ಕರೆದ ಕೂಡಲೇ ಬಲೆ ಬಿಟ್ಟು ಹೊರಟರಾ?

ಪ್ರಶ್ನೆ: ನಮ್ಮ ಸಭೆಯ ಸಂಡೇ ಸ್ಕೂಲ್‌ನಲ್ಲಿ ಪಾಠ ಹೇಳುತ್ತೇನೆ. ಯೇಸು ಮೊದಲ ಶಿಷ್ಯರನ್ನು ಕರೆದ ಪಾಠವನ್ನು ಮಾರ್ಕನ ಸುವಾರ್ತೆಯಿಂದ ಓದಿಸಿದೆ. ಒಬ್ಬ ಹುಡುಗಿ ಎದ್ದು ನಿಂತು, "ಗೊತ್ತಿಲ್ಲದವರ ಜೊತೆ ಹೋಗಬೇಡಿ ಅಂತ ನೀವೇ ಹೇಳ್ತೀರಲ್ವಾ ಟೀಚರ್? ಇವರು ಹೇಗೆ ಹೋದರು?" ಎಂದಳು. ಇನ್ನೊಬ್ಬ, "ಅಪ್ಪನನ್ನು ದೋಣಿಯಲ್ಲೇ ಬಿಟ್ಟು ಹೋಗಿದ್ದು ತಪ್ಪಲ್ವಾ?" ಎಂದ. ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಲೂಕ, ಯೋಹಾನ ಸುವಾರ್ತೆಗಳನ್ನು ತೆರೆದರೆ ಅಲ್ಲಿ ಕಥೆಯೇ ಬೇರೆ ಥರ ಇದೆ. ಮಕ್ಕಳಿಗೆ ಯಾವುದನ್ನು ಹೇಳಲಿ?

ಉತ್ತರ: ಆ ಇಬ್ಬರು ಮಕ್ಕಳೂ ಪಾಠವನ್ನು ಚೆನ್ನಾಗಿ ಕೇಳಿಸಿಕೊಂಡಿದ್ದಾರೆ. ಅವರನ್ನು "ಅದು ನಂಬಿಕೆ, ಪ್ರಶ್ನೆ ಕೇಳಬಾರದು" ಎಂದು ಕೂರಿಸಬೇಡಿ. ಅವರ ಪ್ರಶ್ನೆಗೆ ಸುವಾರ್ತೆಗಳಲ್ಲೇ ಉತ್ತರ ಇದೆ.

ಮಾರ್ಕ 1:16ರಿಂದ 20ರವರೆಗೆ ಇರುವುದು ಐದೇ ವಚನ. ಯೇಸು ಗಲಿಲಾಯ ಸಮುದ್ರದ ದಡದಲ್ಲಿ ನಡೆದು ಹೋಗುತ್ತಿದ್ದಾರೆ. ಸೀಮೋನ, ಅಂದ್ರೆಯ ಬಲೆ ಬೀಸುತ್ತಿದ್ದಾರೆ. ನನ್ನ ಹಿಂದೆ ಬನ್ನಿ, ಮನುಷ್ಯರನ್ನು ಹಿಡಿಯುವ ಬೆಸ್ತರನ್ನಾಗಿ ಮಾಡುತ್ತೇನೆ ಎನ್ನುತ್ತಾರೆ ಯೇಸು. ಇಬ್ಬರೂ ಬಲೆ ಬಿಟ್ಟು ಹೊರಡುತ್ತಾರೆ. ಸ್ವಲ್ಪ ಮುಂದೆ ಜೆಬೆದಾಯನ ಮಕ್ಕಳಾದ ಯಾಕೋಬ, ಯೋಹಾನ ದೋಣಿಯಲ್ಲಿ ಕೂತು ಬಲೆ ಸರಿಮಾಡುತ್ತಿದ್ದಾರೆ. ಕರೆದ ಕೂಡಲೇ ಅವರೂ ಹೊರಡುತ್ತಾರೆ. ಪರಿಚಯ, ಮಾತುಕತೆ, ಯೋಚನೆ ಒಂದೂ ಇಲ್ಲ. ಮಾರ್ಕ ಬರೆಯುವುದೇ ಹಾಗೆ. ಯೇಸುವಿನ ಜೀವನ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಅವನದು ಎಲ್ಲಕ್ಕಿಂತ ಚಿಕ್ಕದು. ಹಿಂದಿನದು ಮುಂದಿನದು ಬಿಟ್ಟು ನೇರ ವಿಷಯಕ್ಕೆ ಬರುತ್ತಾನೆ. ಅವನು ಹೇಳಲಿಲ್ಲ ಎಂದರೆ ಅದಕ್ಕೂ ಮೊದಲು ಏನೂ ನಡೆದಿರಲಿಲ್ಲ ಎಂದು ಅರ್ಥವಲ್ಲ.

ಮೊದಲು ಏನು ನಡೆದಿತ್ತು ಎಂಬುದು ಯೋಹಾನ ಸುವಾರ್ತೆಯ 1ನೇ ಅಧ್ಯಾಯದಲ್ಲಿದೆ. ಅಂದ್ರೆಯ ಆಗಲೇ ಜನರಿಗೆ ದೀಕ್ಷಾಸ್ನಾನ ಕೊಡುತ್ತಿದ್ದ ಸ್ನಾನಿಕ ಯೋಹಾನನ ಶಿಷ್ಯ (ಬೆಸ್ತ ಯೋಹಾನ ಬೇರೆ). ಗುರು ಯೇಸುವನ್ನು ತೋರಿಸಿದಾಗ ಅಂದ್ರೆಯ ಮತ್ತು ಇನ್ನೊಬ್ಬ ಶಿಷ್ಯ ಅವರ ಹಿಂದೆ ಹೋಗುತ್ತಾರೆ. ಯೇಸು ತಿರುಗಿ ನೋಡಿ, ಏನು ಬೇಕು ಎಂದು ಕೇಳುತ್ತಾರೆ. ಇವರು, ಗುರುವೇ, ನೀವು ಉಳಿದುಕೊಂಡಿರುವುದು ಎಲ್ಲಿ ಎನ್ನುತ್ತಾರೆ. ಬಂದು ನೋಡಿ ಎಂಬ ಉತ್ತರ ಸಿಗುತ್ತದೆ. ಆಗ ಸಂಜೆ ಸುಮಾರು ನಾಲ್ಕು ಗಂಟೆ. ಆ ದಿನ ಅವರ ಜೊತೆಯಲ್ಲೇ ಇರುತ್ತಾರೆ. ಆಮೇಲೆ ಅಂದ್ರೆಯ ತನ್ನ ಒಡಹುಟ್ಟಿದ ಸೀಮೋನನನ್ನು ಹುಡುಕಿ ಕರೆತರುತ್ತಾನೆ.

ಇದು ನಡೆದದ್ದು ಗಲಿಲಾಯದಲ್ಲಿ ಅಲ್ಲ, ಯೊರ್ದನ್ ನದಿಯ ಆಚೆ ಸ್ನಾನಿಕ ಯೋಹಾನ ಇದ್ದ ಕಡೆ. ಈಗ ಮಾರ್ಕ 1:14 ನೋಡಿ. ಸ್ನಾನಿಕ ಯೋಹಾನ ಸೆರೆಯಾದ ಮೇಲೆ ಯೇಸು ಗಲಿಲಾಯಕ್ಕೆ ಬಂದರು ಎಂದಿದೆ. ಅಂದರೆ ಮಾರ್ಕ ಹೇಳುವ ಕರೆ ಅದಾದ ಮೇಲಿನದು. ಹಿಂದಿನ ಭೇಟಿಯಲ್ಲಿ ಯೋಹಾನ ಇನ್ನೂ ಹೊರಗಿದ್ದ. ಈ ಎರಡು ವಚನಗಳನ್ನು ಪಕ್ಕಪಕ್ಕ ಇಟ್ಟರೆ ಹುಡುಗಿಯ ಪ್ರಶ್ನೆಗೆ ಉತ್ತರ ಸಿಕ್ಕಂತೆಯೇ. ದಡದಲ್ಲಿ ಕರೆದವರು ಅಪರಿಚಿತರಲ್ಲ.

ಲೂಕ ಇನ್ನೊಂದು ಮುಖ ತೋರಿಸುತ್ತಾನೆ. ಅವನ 4ನೇ ಅಧ್ಯಾಯದಲ್ಲಿ ಯೇಸು ಸೀಮೋನನ ಮನೆಗೇ ಹೋಗಿ ಅವನ ಅತ್ತೆಯ ಜ್ವರ ವಾಸಿಮಾಡುತ್ತಾರೆ. ದಡದ ಘಟನೆ ಬರುವುದು 5ನೇ ಅಧ್ಯಾಯದಲ್ಲಿ. ಮಾರ್ಕನಲ್ಲಿ ಈ ಕ್ರಮ ತಿರುವುಮುರುವು. ಮಾರ್ಕನಲ್ಲಿ ಬಲೆ ಬೀಸುತ್ತಿದ್ದವರು ಲೂಕನಲ್ಲಿ ಬಲೆ ತೊಳೆಯುತ್ತಿದ್ದಾರೆ. ಇವನ್ನೆಲ್ಲ ಒಂದೇ ದಿನದ ಗಡಿಯಾರಕ್ಕೆ ಹೊಂದಿಸಲು ತುಂಬ ಜನ ಕಷ್ಟಪಟ್ಟಿದ್ದಾರೆ. ನನಗೆ ಅದು ಬೇಡದ ಕೆಲಸ ಅನಿಸುತ್ತದೆ. ಇಬ್ಬರಿಗೂ ಬೇರೆಬೇರೆ ವಿಷಯ ಮುಖ್ಯ. ಕರೆಯುವವರ ಮಾತಿನ ಬಲ ಮಾರ್ಕನ ಕಣ್ಣಿಗೆ ಬಿದ್ದಿದೆ. ಕರೆಸಿಕೊಂಡವನ ಮನಸ್ಸಿನಲ್ಲಿ ಏನಾಯಿತು ಎಂಬುದು ಲೂಕನಿಗೆ ಬೇಕು.

ಲೂಕನ ದೃಶ್ಯವನ್ನು ಮಕ್ಕಳಿಗೆ ನಿಧಾನವಾಗಿ ಹೇಳಿ. ಗಲಿಲಾಯ ಸಮುದ್ರ ಎಂದರೂ ಅದು ಸಿಹಿನೀರಿನ ಸರೋವರ. ಉದ್ದ ಸುಮಾರು 21 ಕಿಲೋಮೀಟರ್, ಅಗಲ ಹೆಚ್ಚೆಂದರೆ 13. ಆ ಕಾಲದ ಬಲೆಗಳು ಅಗಸೆನಾರಿನ ದಾರದವು. ಹಗಲು ಬೆಳಕಿನಲ್ಲಿ ತಿಳಿನೀರಿಗೆ ಬಿಟ್ಟರೆ ದಾರ ಮೀನಿಗೆ ಕಾಣುತ್ತದೆ. ಹಾಗಾಗಿ ಆಳದಲ್ಲಿ ಬಲೆ ಬಿಡುವ ಕೆಲಸ ರಾತ್ರಿಯದು. ಬೆಳಗ್ಗೆ ದಡಕ್ಕೆ ಬಂದು ಕಸ ಕಡ್ಡಿ ಬಿಡಿಸಿ, ತೊಳೆದು, ಒಣಗಿಸಲೇಬೇಕು. ಇಲ್ಲದಿದ್ದರೆ ನಾರು ಕೊಳೆಯುತ್ತದೆ. ಸೀಮೋನ ಈ ಕೆಲಸದ ಮಧ್ಯದಲ್ಲಿದ್ದಾನೆ. ರಾತ್ರಿಯೆಲ್ಲ ಒಂದು ಮೀನೂ ಸಿಕ್ಕಿಲ್ಲ. ಅಷ್ಟರಲ್ಲಿ ಯೇಸು ಅವನ ದೋಣಿ ಹತ್ತಿ, ದಡದಿಂದ ಸ್ವಲ್ಪ ದೂರ ನೂಕಿಸಿಕೊಂಡು, ಕೂತು ಜನರಿಗೆ ಬೋಧಿಸುತ್ತಾರೆ. ಬೋಧನೆ ಮುಗಿದ ಮೇಲೆ, ಆಳಕ್ಕೆ ಹೋಗಿ ಬಲೆ ಹಾಕಿ ಎನ್ನುತ್ತಾರೆ.

ಹಗಲು ಹೊತ್ತಿನಲ್ಲಿ, ತೊಳೆದಿಟ್ಟ ಬಲೆಯನ್ನು ಮತ್ತೆ ನೀರಿಗೆ ಹಾಕುವುದು! ಈ ಮಾತು ಹೇಳುತ್ತಿರುವವರು ಮೀನುಗಾರರೂ ಅಲ್ಲ, ಬಡಗಿ. ಸೀಮೋನನ ಉತ್ತರದಲ್ಲಿ ಆಯಾಸವೂ ಇದೆ, ಗೌರವವೂ ಇದೆ: ರಾತ್ರಿಯೆಲ್ಲ ದುಡಿದರೂ ಏನೂ ಸಿಗಲಿಲ್ಲ, ಆದರೂ ನಿಮ್ಮ ಮಾತಿನ ಮೇಲೆ ಹಾಕುತ್ತೇನೆ. ನನಗೆ ಇಡೀ ಕಥೆಯ ತಿರುವು ಇಲ್ಲೇ. ಬಲೆ ಹರಿಯುವಷ್ಟು ಮೀನು ಬಿದ್ದದ್ದು ಆಮೇಲಿನದು. ಆ ಮೀನು ಕಂಡು ಅವನಿಗೆ ಲಾಭದ ಲೆಕ್ಕ ಬರಲಿಲ್ಲ, ಭಯ ಬಂತು. ಸ್ವಾಮೀ, ನನ್ನನ್ನು ಬಿಟ್ಟು ಹೋಗಿ, ನಾನು ಪಾಪಿ ಎಂದು ಮೊಣಕಾಲೂರಿದ. ಹೋಗಿ ಎಂದವನನ್ನೇ ಯೇಸು ಹೆದರಬೇಡ ಎಂದು ಜೊತೆಗೆ ಇಟ್ಟುಕೊಂಡರು.

ಇನ್ನು ಅಪ್ಪನ ವಿಷಯ. ಜೆಬೆದಾಯನನ್ನು ಕೂಲಿಯಾಳುಗಳ ಸಂಗಡ ದೋಣಿಯಲ್ಲಿ ಬಿಟ್ಟು ಹೋದರು ಎಂಬುದು ಮಾರ್ಕ ಮಾತ್ರ ಕೊಡುವ ವಿವರ. ಸುಮ್ನೆ ಬರೆದದ್ದಲ್ಲ. ಆಳು ಇಟ್ಟುಕೊಳ್ಳುವಷ್ಟು ಅನುಕೂಲ ಆ ಮನೆಗಿತ್ತು. ಸೀಮೋನನೂ ಜೆಬೆದಾಯನ ಮಕ್ಕಳೂ ಪಾಲುದಾರರು ಎಂದು ಲೂಕ ಹೇಳುತ್ತಾನೆ. 1986ರಲ್ಲಿ ಬರದಿಂದ ಸರೋವರದ ನೀರು ಇಳಿದಾಗ ಗಿನೋಸಾರ್ ಹತ್ತಿರ ಕೆಸರಿನಲ್ಲಿ ಹೆಚ್ಚುಕಡಿಮೆ ಆ ಕಾಲದ ಒಂದು ದೋಣಿ ಸಿಕ್ಕಿತು. ಉದ್ದ ಎಂಟು ಮೀಟರ್‌ಗೂ ಸ್ವಲ್ಪ ಜಾಸ್ತಿ. ಹಲವು ಜಾತಿಯ ಮರದ ತುಂಡುಗಳಿಂದ ಮತ್ತೆ ಮತ್ತೆ ತೇಪೆ ಹಾಕಿದ್ದಾರೆ. ಅದು ಶಿಷ್ಯರದ್ದೇ ದೋಣಿ ಎನ್ನಲು ಯಾವ ಆಧಾರವೂ ಇಲ್ಲ. ಆದರೆ ಇಂಥ ದೋಣಿ ನಡೆಸಲು ನಾಲ್ಕೈದು ಜನ ಬೇಕು, ದೋಣಿಯನ್ನು ಎಷ್ಟು ಜೋಪಾನ ಮಾಡುತ್ತಿದ್ದರು ಎಂಬುದು ಅದರಿಂದ ಗೊತ್ತಾಗುತ್ತದೆ. ಅವರು ಬಿಟ್ಟು ಹೋದದ್ದು ನಡೆಯುತ್ತಿದ್ದ ಕಸುಬನ್ನು. ಅಪ್ಪ ಒಂಟಿಯಾಗಲಿಲ್ಲ, ಆದರೆ ಇಬ್ಬರು ಗಂಡುಮಕ್ಕಳು ಹೊರಟ ಮೇಲೆ ಅವನ ಕೆಲಸ ಭಾರವಾಗಿಯೇ ಇರಬೇಕು. ಆ ಕಷ್ಟವನ್ನು ಮಕ್ಕಳ ಮುಂದೆ ಮುಚ್ಚಿಡಬೇಡಿ.

ಮನೆಯವರ ಸಂಬಂಧ ಕಡಿದುಹೋಗಲಿಲ್ಲ ಎಂಬುದನ್ನೂ ಹೇಳಿ. ಕರೆ ಆದ ಮೇಲೆ ಮಾರ್ಕ 1:29ರಲ್ಲಿ ನಾಲ್ವರೂ ಹೋಗುವುದು ಕಪೆರ್ನೌಮಿನ ಸೀಮೋನನ ಮನೆಗೇ. ಪೇತ್ರ ಎಂದು ಹೆಸರಾದ ಈ ಸೀಮೋನ ಮುಂದೆ ಹೆಂಡತಿಯನ್ನೂ ಕರೆದುಕೊಂಡು ಸಂಚಾರ ಮಾಡುತ್ತಿದ್ದ ಎಂದು 1 ಕೊರಿಂಥ 9:5ರಿಂದ ತಿಳಿಯುತ್ತದೆ. ಜೆಬೆದಾಯನ ಹೆಂಡತಿ ತಾನೇ ಯೇಸುವಿನ ಹಿಂದೆ ಬಂದು, ಯೇಸು ಶಿಲುಬೆಯಲ್ಲಿದ್ದಾಗ ದೂರದಿಂದ ನೋಡುತ್ತಿದ್ದ ಹೆಂಗಸರಲ್ಲಿ ಒಬ್ಬಳಾದಳು. ಇದು ಮತ್ತಾಯ 27:55, 56ರಲ್ಲಿದೆ.

ಪಾಠ ಮಾಡುವಾಗ ಮಾರ್ಕ 1:16ಕ್ಕೆ ನೇರ ಹೋಗದೆ, ಮೊದಲು ಯೋಹಾನ 1:35ರಿಂದ 42, ಆಮೇಲೆ ಮಾರ್ಕ 1:14ರಿಂದ 31 ಓದಿಸಿ. ಲೂಕನನ್ನು ಮುಂದಿನ ಭಾನುವಾರಕ್ಕೆ ಇಟ್ಟುಕೊಳ್ಳಿ, ಒಂದೇ ದಿನಕ್ಕೆ ಜಾಸ್ತಿಯಾಗುತ್ತದೆ. ಆ ಹುಡುಗಿಗೆ ಮಾತ್ರ ಒಂದು ಮಾತು ಬೇರೆಯಾಗಿ ಹೇಳಿ: ಗೊತ್ತಿಲ್ಲದವರ ಜೊತೆ ಹೋಗಬಾರದು ಎಂಬ ನಿಯಮ ಸರಿಯಾದದ್ದೇ. ಅಂದ್ರೆಯ ಕೂಡ ನಂಬಿದ ಗುರು ತೋರಿಸಿದ ಮೇಲೆಯೇ ಹೋದ, ಜೊತೆಗೆ ಇನ್ನೊಬ್ಬನಿದ್ದ, ಎಲ್ಲಿ ಉಳಿದಿದ್ದೀರಿ ಎಂದು ಮೊದಲೇ ಕೇಳಿದ, ಆಮೇಲೆ ಹೋಗಿ ಮನೆಯವನಿಗೆ ವಿಷಯ ಹೇಳಿದ.