ರಾತ್ರಿಗೆ ಸೀರೆ ಉಡಿಸಿದರೆ ಸಾಕಾ?

ಪ್ರಶ್ನೆ: ನಾನು ಗದಗಿನವಳು, ಬಿ.ಎ. ಓದುತ್ತಿದ್ದೇನೆ. ‘ಕಪ್ಪು ಸೀರೆಯುಟ್ಟ ಇರುಳ ರಾಣಿ ಚುಕ್ಕಿಯ ಹಾರ ತೊಟ್ಟು ಬಂದಳು’ ಅಂತ ಒಂದು ಕವನ ಶುರು ಮಾಡಿದೆ. ಗೆಳತಿಯರು ಕೇಳಿ ‘ಚಲೋ ಐತಿ’ ಅಂದು ಸುಮ್ಮನಾದರು. ರಾತ್ರಿಯನ್ನು ಹೆಣ್ಣು ಮಾಡಿದ್ದೇ ತಪ್ಪಾಯ್ತಾ?

ಉತ್ತರ: ತಪ್ಪೇನಿಲ್ಲ ತಂಗಿ. ಋಗ್ವೇದದ 10ನೇ ಮಂಡಲದ 127ನೇ ಸೂಕ್ತದಲ್ಲೇ ರಾತ್ರಿ ಹೆಣ್ಣು, ಉಷೆ ಅವಳ ಸೋದರಿ. ಆದರೆ ಅಲ್ಲಿ ಅವಳಿಗೆ ಕೆಲಸ ಇದೆ. ಬರುತ್ತಾ ತನ್ನ ಕಣ್ಣುಗಳಿಂದ ಸುತ್ತಲೂ ನೋಡುತ್ತಾಳೆ, ಊರ ಜನ ಮನೆ ಸೇರುತ್ತಾರೆ, ಹಕ್ಕಿ ಗೂಡು ಸೇರುತ್ತವೆ, ತೋಳ ಮತ್ತು ಕಳ್ಳರನ್ನು ದೂರ ಇಡು ತಾಯಿ ಅಂತ ಅವಳನ್ನೇ ಬೇಡಿಕೊಳ್ಳುತ್ತಾರೆ. ಆ ಕಣ್ಣುಗಳು ಅಂದ್ರೆ ನಕ್ಷತ್ರ. ನಿಮ್ಮದೂ ಅದೇ ಚುಕ್ಕಿ, ಆದರೆ ಹಾರವಾದರೆ ಕೊರಳಲ್ಲಿ ಸುಮ್ನೆ ತೂಗುತ್ತೆ, ಕಣ್ಣಾದರೆ ನಮ್ಮನ್ನು ನೋಡುತ್ತೆ. ನಿಮ್ಮ ರಾಣಿ ಚೆನ್ನಾಗಿ ರೆಡಿಯಾಗಿ ಬಂದು ನಿಂತುಬಿಟ್ಟಿದ್ದಾಳೆ, ಮುಂದೇನು ಮಾಡಬೇಕು ಅಂತ ಅವಳಿಗೇ ಗೊತ್ತಿಲ್ಲ.

ಧಾರವಾಡದ ನಮ್ಮ ಹಳೇ ಮನೆ ಹಿತ್ತಲಲ್ಲಿ ಹುಣಸೆಮರ ಇತ್ತು. ಸಣ್ಣವನಿದ್ದಾಗ ಒಂದು ರಾತ್ರಿ ಅಲ್ಲಿ ‘ಹಾವು’ ಅಂತ ಕೂಗಿದ್ದಕ್ಕೆ ಅಜ್ಜಿ ಬಾಯಿ ಮುಚ್ಚಿಸಿದಳು: “ರಾತ್ರಿ ಹೊತ್ತು ಅದರ ಹೆಸರ ತಗೀಬ್ಯಾಡ, ಹುಳ ಅನ್ನು.” ಸೀರೆ ಇಲ್ಲ, ಹಾರ ಇಲ್ಲ, ಆದರೂ ಕತ್ತಲಿಗೆ ಕಿವಿ ಬಂದುಬಿಡ್ತು ನೋಡಿ! ಅಜ್ಜಿಗೆ ಅಲಂಕಾರದ ಹೆಸರು ಒಂದೂ ಗೊತ್ತಿರಲಿಲ್ಲ. ಅವತ್ತಿನಿಂದ ನಾನು ಹಿತ್ತಲಲ್ಲಿ ಪಿಸುಮಾತಲ್ಲೇ ಮಾತಾಡುತ್ತಿದ್ದೆ.

ರಾಣಿಯನ್ನು ಕಳಿಸಿಬಿಡಿ. ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳ ಮೇಲೆ ಕೆಂಪು ದೀಪ ಮಿನುಗುತ್ತವಲ್ಲ, ಜಾಗರಣೆ ಮಾಡಿದವರ ಕಣ್ಣಿನ ಹಾಗೆ, ಅಲ್ಲಿಂದ ಶುರು ಮಾಡಿ ನೋಡಿ.

ಪ್ರಶ್ನೆ: ರೂಪಕಕ್ಕೂ ಮಾನವೀಕರಣಕ್ಕೂ ಏನು ವ್ಯತ್ಯಾಸ? ಮಕ್ಕಳು ಕೇಳುತ್ತಾರೆ. (ಶಿಕ್ಷಕರು, ಹಾವೇರಿ)

ಉತ್ತರ: ‘ಇರುಳೆಂಬ ಕಂಬಳಿ’ ಅಂದರೆ ರೂಪಕ. ‘ಇರುಳು ಊರಿಗೆ ಕಂಬಳಿ ಹೊದಿಸಿ ತಾನು ಹೊರಗೆ ಕೂತಿತು’ ಅಂದರೆ ಮಾನವೀಕರಣ. ಎರಡೂ ಕೂಡಿಯೇ ಬರೋದು ಜಾಸ್ತಿ, ಗೆರೆ ಎಳೆಯೋಕೆ ಹೋಗಬೇಡಿ ಸರ್. ಆಮೇಲೆ ಎಲ್ಲವೂ ಮನುಷ್ಯರೇ ಆಗಬೇಕು ಅಂತಲೂ ಇಲ್ಲ, ಸಾಧನಕೇರಿಯ ಬೇಂದ್ರೆಯವರು ಕಾಲವನ್ನು ಹಕ್ಕಿ ಮಾಡಿ ಹಾರಿಸಿದರು. ದಂಡಿ ಸಂಸ್ಕೃತದಲ್ಲಿ ಬರೆದ ಅಲಂಕಾರಶಾಸ್ತ್ರದ ಪುಸ್ತಕ ಕಾವ್ಯಾದರ್ಶದಲ್ಲಿ ಬರುವ ಹಳೇ ಉದಾಹರಣೆಯನ್ನೂ ಮಕ್ಕಳಿಗೆ ಹೇಳಿ: ಕತ್ತಲು ಮೈಗೆ ಬಳಿದಂತಿದೆ, ಆಕಾಶ ಕಾಡಿಗೆ ಸುರಿಸಿದಂತಿದೆ. ಇದು ಉತ್ಪ್ರೇಕ್ಷೆ, ಅಂದರೆ ಒಂದನ್ನು ಇನ್ನೊಂದರಂತೆ ಕಲ್ಪಿಸಿ ಹೇಳೋ ಅಲಂಕಾರ. ಮುಖ ಇಲ್ಲ, ಮೂಗಿಲ್ಲ, ಬರೀ ಬಳಿಯೋದು, ಸುರಿಸೋದು. ಆದರೂ ಓದಿದ ಮೇಲೆ ಕೈ ಒರೆಸಿಕೊಳ್ಳೋಣ ಅನಿಸುತ್ತೆ.

ಪ್ರಶ್ನೆ: ರಾತ್ರಿಯ ಕವನದಲ್ಲಿ ಚಂದ್ರ ಇರಲೇಬೇಕಾ? (ಓದುಗ, ಹುಬ್ಬಳ್ಳಿ)

ಉತ್ತರ: ಅಮಾವಾಸ್ಯೆ ದಿನವೂ ರಾತ್ರಿ ಆಗುತ್ತಲ್ಲ! ನಿಮ್ಮೂರ ಸ್ಟೇಷನ್ನಿನ 1507 ಮೀಟರ್ ಪ್ಲಾಟ್‌ಫಾರ್ಮಿನ ತುದಿಗೆ ಒಮ್ಮೆ ನಡೆದು ಹೋಗಿ. ಚಹಾದವನು ಅಷ್ಟು ದೂರ ಬರೋದು ಅಪರೂಪ. ಕತ್ತಲು ಮಾತ್ರ ಬಂದು ಪಕ್ಕದಲ್ಲಿ ಕೂರುತ್ತೆ.