ಬೇಕರಿ ಪಫ್‌ನ ಟ್ರಾನ್ಸ್ ಕೊಬ್ಬು ಹೃದಯಕ್ಕೆ ತುಪ್ಪಕ್ಕಿಂತ ಕೆಟ್ಟದ್ದೇ?

ಹೌದು. ತುಪ್ಪದ ಸ್ಯಾಚುರೇಟೆಡ್ ಕೊಬ್ಬು ಕೆಟ್ಟ ಕೊಲೆಸ್ಟರಾಲ್ (ಎಲ್‌ಡಿಎಲ್) ಏರಿಸುತ್ತದೆ, ನಿಜ. ಟ್ರಾನ್ಸ್ ಕೊಬ್ಬು ಅದನ್ನೂ ಏರಿಸಿ, ಒಳ್ಳೆಯ ಎಚ್‌ಡಿಎಲ್ಲನ್ನೂ ಇಳಿಸುತ್ತದೆ. ಎಣ್ಣೆಗೆ ಹೈಡ್ರೋಜನ್ ಹಾಯಿಸಿ ಅರೆಬರೆ ಗಟ್ಟಿ ಮಾಡಿದಾಗ ಹುಟ್ಟುವ ಕೊಬ್ಬಿದು. ಹಳೆಯ ಬಗೆಯ ವನಸ್ಪತಿಯಲ್ಲಿ (ಡಾಲ್ಡಾದಂಥ ಗಟ್ಟಿ ಕೊಬ್ಬು) ಧಾರಾಳವಾಗಿತ್ತು. ಅಗ್ಗ, ಬೇಗ ಕಮಟುವುದಿಲ್ಲ, ಪಫ್‌ನ ಪದರಗಳೂ ಚೆನ್ನಾಗಿ ಬಿಡಿಸಿಕೊಳ್ಳುತ್ತವೆ; ಬೇಕರಿಯವರಿಗೆ ಇನ್ನೇನು ಬೇಕು!

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2000 ಕ್ಯಾಲೊರಿ ಉಣ್ಣುವವರಿಗೆ ಟ್ರಾನ್ಸ್ ಕೊಬ್ಬು ದಿನಕ್ಕೆ 2.2 ಗ್ರಾಂ ಒಳಗಿರಬೇಕು. ಭಾರತದಲ್ಲಿ 2022ರ ಜನವರಿಯಿಂದ ಎಣ್ಣೆ, ವನಸ್ಪತಿಗಳಲ್ಲಿ ಶೇ 2ರ ಮಿತಿಯಿದೆ. ಆದರೆ ಗಾಜಿನ ಕಪಾಟಿನಲ್ಲಿ ಬಿಡಿಯಾಗಿ ಮಾರುವ ಪಫ್‌ಗೆ ಲೇಬಲ್ ಎಲ್ಲಿ? ಯಾವ ಕೊಬ್ಬು ಹಾಕಿದ್ದಾರೆಂದು ಕೇಳಿಯೇ ತಿಳಿಯಬೇಕು. ತಿಂದಾಗ ಅಂಗುಳಕ್ಕೆ ಮೇಣದಂತೆ ಅಂಟಿದರೆ ಗಟ್ಟಿ ಕೊಬ್ಬು ಇದೆಯೆಂದೇ ಅನುಮಾನಿಸಿ. ಪೊಟ್ಟಣವಾದರೆ ಪದಾರ್ಥಗಳ ಪಟ್ಟಿ ನೋಡಿ: ‘ಹೈಡ್ರೋಜನೇಟೆಡ್ ವೆಜಿಟೇಬಲ್ ಫ್ಯಾಟ್’ ಎಂದಿದ್ದರೆ ವಾಪಸ್ ಇಡಿ.