ಪ್ರ: ಯಕ್ಷಗಾನದ ಧೀಂಗಿಣದ (ಸುತ್ತುತ್ತಾ ಹಾರುವ ಕುಣಿತ) ವೀಡಿಯೊದಲ್ಲಿ ಮೊಣಕಾಲಿನ ಕೋನ ಪ್ರತಿ ಸುತ್ತಿಗೂ ಬೇರೆ ಬರುತ್ತಿದೆ, ಏಕೆ?

ಉ: ನೀವು ಒಂದೇ ಫೋನಿನಲ್ಲಿ ತೆಗೆದದ್ದೇ ಬಹುಶಃ ಕಾರಣ, ವೀಡಿಯೊದಲ್ಲಿ ಕೋನ ಅಳೆಯುವ ತಂತ್ರಾಂಶವಾದ ಕಿನೋವಿಯಾದ ತಪ್ಪಲ್ಲ. ಕಾಲು ಮಡಚುವ ಸಮತಲಕ್ಕೆ ಕ್ಯಾಮೆರಾ ಲಂಬವಾಗಿದ್ದಾಗ ಮಾತ್ರ ಆ ಕೋನ ನಂಬಬಹುದು. ತೆಂಕುತಿಟ್ಟಿನ (ಯಕ್ಷಗಾನದ ದಕ್ಷಿಣದ ಶೈಲಿ) ಧೀಂಗಿಣದಲ್ಲಿ ದೇಹವೇ ಸುತ್ತುತ್ತದಲ್ಲ!

ಮೊದಲು ವೇಷವಿಲ್ಲದೆ, ಬಿಗಿ ಚಡ್ಡಿಯಲ್ಲಿ ಕುಣಿಯಲು ಹೇಳಿ. ಸೊಂಟದ ಬದಿಯಲ್ಲಿ ಕೈಗೆ ಸಿಗುವ ತೊಡೆಮೂಳೆಯ ಉಬ್ಬು, ಮೊಣಕಾಲಿನ ಹೊರಬದಿ, ಹೊರಗಿನ ಕಾಲ್ಗಂಟು, ಈ ಮೂರು ಕಡೆ ಬಣ್ಣದ ಟೇಪು ಅಂಟಿಸಿ. ಫೋನು ಟ್ರೈಪಾಡಿನಲ್ಲಿ ಮೊಣಕಾಲಿನ ಎತ್ತರಕ್ಕೆ, 4–5 ಮೀಟರ್ ದೂರದಲ್ಲಿರಲಿ. ಹಗಲು ಬೆಳಕಿನಲ್ಲಿ ಸೆಕೆಂಡಿಗೆ 240 ಫ್ರೇಮಿನಲ್ಲಿ ತೆಗೆಯಿರಿ. ಆಟದ ರಾತ್ರಿಯ ದೀಪದಲ್ಲಿ ಕಾಲು ಮಸುಕಾಗುತ್ತದೆ. ಕಿನೋವಿಯಾದಲ್ಲೂ ಕ್ಯಾಪ್ಚರ್ ಫ್ರೇಮ್ ರೇಟ್ 240 ಎಂದೇ ತುಂಬಿ, ಇಲ್ಲದಿದ್ದರೆ ವೇಗದ ಲೆಕ್ಕ ಪೂರ್ತಿ ಕೆಡುತ್ತದೆ.

ಬಳಿಕ ಕಲಾವಿದರ ಬದಿ ಪೂರ್ತಿ ಕ್ಯಾಮೆರಾದತ್ತ ಇರುವ ಫ್ರೇಮುಗಳನ್ನಷ್ಟೇ ಅಳೆಯಿರಿ. ಇಡೀ ಸುತ್ತು ಬೇಕೇಬೇಕೆಂದರೆ ಎರಡು ಐಫೋನು ಹೊಂದಿಸಿ ಓಪನ್‌ಕ್ಯಾಪ್ (ಹಲವು ಕಡೆಯ ವೀಡಿಯೊ ಸೇರಿಸಿ ಚಲನೆಯನ್ನು ಮೂರು ಆಯಾಮದಲ್ಲಿ ಅಳೆಯುವ ತಂತ್ರಾಂಶ) ಬಳಸಿ.